ಇಬ್ಬರದೂ ಪಾಸಿಟಿವ್, ಕೂಸಿಗೆ ನೆಗೆಟಿವ್: ಮನೆಮಂದಿಯ ಜೀನೋಟೈಪ್ ಹಾಳೆಯ ಮೇಲೆ ಬಿಡಿಸುವುದು ಹೇಗೆ

ನಮ್ಮ ಅಕ್ಕನ ಮಗಳ ಚೊಚ್ಚಲ ಹೆರಿಗೆ ಹುಬ್ಬಳ್ಳಿಯಲ್ಲಿ ಆಯಿತು. ಹೆಣ್ಣು ಕೂಸು. ಗದಗ ಕಡೆಯಿಂದ ಬೀಗರು ನೋಡಲು ಬಂದಿದ್ದರು. ಆಸ್ಪತ್ರೆಯ ಚೀಟಿ ಕೈಯಿಂದ ಕೈಗೆ ದಾಟುತ್ತಿತ್ತು. ತಾಯಿಯ ರಕ್ತ ಪಾಸಿಟಿವ್, ತಂದೆಯದೂ ಪಾಸಿಟಿವ್, ಕೂಸಿಂದು ಮಾತ್ರ ನೆಗೆಟಿವ್. ಕೂಸಿನ ಆಯಿ, ಅಂದರೆ ತಂದೆಯ ತಾಯಿ, ಚೀಟಿ ಓದಿಸಿಕೊಂಡು ಕೇಳಿದರು: "ಇಬ್ಬರ್ದೂ ಪಾಸಿಟಿವ್ ಐತಿ, ಕೂಸಿಂದು ನೆಗೆಟಿವ್ ಹೆಂಗ ಬಂತವಾ?"

ಕೆಟ್ಟ ಮನಸ್ಸಿನಿಂದ ಕೇಳಿದ ಮಾತಲ್ಲ. ಆದರೂ ಕೋಣೆ ಒಮ್ಮೆಲೇ ತಣ್ಣಗಾಯಿತು. ಬಾಣಂತಿ ಗೋಡೆ ಕಡೆ ಮುಖ ತಿರುಗಿಸಿದಳು.

ನಾನು ಧಾರವಾಡದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಈ ಲೆಕ್ಕವನ್ನು ಬೋರ್ಡ್ ಮೇಲೆ ಎಷ್ಟು ಸಲ ಮಾಡಿದ್ದೇನೋ. ಆ ದಿನ ಮೊದಲ ಸಲ ಒಂದು ಮನೆಗೋಸ್ಕರ ಮಾಡಿದೆ. ಎರಡೂ ಮನೆಯವರು ಒಪ್ಪಿದ್ದಾರೆ, ಅದಕ್ಕೇ ಅದೇ ಹಾಳೆಯನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. ನೀವೂ ಒಂದು ಹಾಳೆ ತಗೊಂಡು ಜೊತೆಗೇ ಮಾಡುತ್ತಾ ಬನ್ನಿ.

ಮೊದಲು, ಯಾವ ಗುಣ?

ಶಾಲೆಯಲ್ಲಿ ನಾಲಿಗೆ ಸುರುಳಿ ಮಾಡಿಸಿ, ಕಿವಿಯ ಹಾಲೆ ನೋಡಿ ಇದನ್ನು ಕಲಿಸುತ್ತಾರೆ. ದಯವಿಟ್ಟು ಅವುಗಳಿಂದ ಮನೆಯ ಲೆಕ್ಕ ಹಾಕಬೇಡಿ. ನಾಲಿಗೆ ಸುರುಳಿ ಒಂದೇ ಜೀನಿನ ಆಟ ಎಂದು 1940ರಲ್ಲಿ ಅಮೆರಿಕದ ತಳಿವಿಜ್ಞಾನಿ ಆಲ್ಫ್ರೆಡ್ ಸ್ಟರ್ಟೆವಂಟ್ ಬರೆದರು. 1952ರಲ್ಲಿ ತದ್ರೂಪ ಅವಳಿಗಳನ್ನು ನೋಡಿದಾಗ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬಾರದ ಜೋಡಿಗಳು ಸಿಕ್ಕವು. ಜೀನು ಒಂದೇ ಇದ್ದೂ ಗುಣ ಬೇರೆ ಆಗಿದೆ ಅಂದ ಮೇಲೆ ಆ ಲೆಕ್ಕ ನಿಲ್ಲುವುದಿಲ್ಲ. ಕಿವಿಯ ಹಾಲೆಯದೂ ಇದೇ ಕಥೆ. ಹಾಲೆ ನೋಡಿ "ಈ ಮಗು ಈ ಮನೆಯದ್ದಲ್ಲ" ಅನ್ನುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ರಕ್ತದ ಪಾಸಿಟಿವ್-ನೆಗೆಟಿವ್ ಹಾಗಲ್ಲ. ಅದು ಆರ್‌ಎಚ್ ಗುಂಪಿನದು. ಕೆಂಪು ರಕ್ತಕಣದ ಮೇಲೆ ಡಿ ಎಂಬ ಪ್ರೊಟೀನ್ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಇದನ್ನು ಮಾಡಿಸುವ ಜೀನ್ ಒಂದನೇ ಕ್ರೋಮೋಸೋಮಿನಲ್ಲಿದೆ. ಪ್ರತಿಯೊಬ್ಬರಿಗೂ ಎರಡು ಪಾಲು ಬರುತ್ತದೆ, ಅಪ್ಪನಿಂದ ಒಂದು, ಅವ್ವನಿಂದ ಒಂದು. ಎರಡರಲ್ಲಿ ಒಂದು ಪಾಲಿನಲ್ಲಿ ಡಿ ಇದ್ದರೂ ಸಾಕು, ಆ ವ್ಯಕ್ತಿ ಪಾಸಿಟಿವ್. ಇದಕ್ಕೇ ಪ್ರಬಲ ಗುಣ ಅನ್ನುವುದು. ನೆಗೆಟಿವ್ ಆಗಬೇಕೆಂದರೆ ಎರಡೂ ಪಾಲು ಖಾಲಿ ಇರಬೇಕು. ಪಠ್ಯಪುಸ್ತಕದಲ್ಲಿ ಇದಕ್ಕೆ ದುರ್ಬಲ ಎಂಬ ಪದ ಇದೆ. ನನಗೆ ಆ ಪದ ಸೇರುವುದಿಲ್ಲ, ಕೇಳಿದವರು ಕೂಸೇ ದುರ್ಬಲ ಅಂದುಕೊಳ್ಳುತ್ತಾರೆ. ಮರೆಯಲ್ಲಿರುವ ಗುಣ ಅಂದರೆ ಸರಿಯಾಗಿ ಅರ್ಥವಾಗುತ್ತದೆ.

ಅಕ್ಷರ ಆರಿಸಿಕೊಳ್ಳಿ

ಇಂಗ್ಲಿಷಿನಲ್ಲಿ ಪ್ರಬಲಕ್ಕೆ ದೊಡ್ಡಕ್ಷರ, ಇನ್ನೊಂದಕ್ಕೆ ಸಣ್ಣಕ್ಷರ ಬರೆಯುತ್ತಾರೆ. ಕನ್ನಡದಲ್ಲಿ ದೊಡ್ಡದು ಸಣ್ಣದು ಇಲ್ಲ. ಆದರೆ ದೀರ್ಘ, ಹ್ರಸ್ವ ಇವೆಯಲ್ಲ! ನಾನು ದೀರ್ಘ ಈ ಮತ್ತು ಹ್ರಸ್ವ ಇ ಬಳಸುತ್ತೇನೆ. ಡಿ ಇರುವ ಪಾಲು ಈ, ಡಿ ಇಲ್ಲದ ಪಾಲು ಇ. "ಇ ಅಂದರೆ ಇಲ್ಲ" ಎಂದು ನೆನಪಿಟ್ಟರೆ ಮರೆಯುವುದಿಲ್ಲ. ಆ-ಅ ಬೇಡ, ಅವಸರದ ಕೈಬರಹದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಹಾಗಾದರೆ ಮೂರೇ ನಮೂನೆಯ ಜನ:

ಈಈ: ಪಾಸಿಟಿವ್, ಎರಡೂ ಪಾಲಿನಲ್ಲಿ ಡಿ ಇದೆ.
ಈಇ: ಪಾಸಿಟಿವ್, ಆದರೆ ಒಂದು ಖಾಲಿ ಪಾಲು ಮರೆಯಲ್ಲಿದೆ.
ಇಇ: ನೆಗೆಟಿವ್.

ಈ ಜೋಡಿ ಅಕ್ಷರಕ್ಕೇ ಜೀನೋಟೈಪ್ ಅನ್ನುವುದು. ಮೊದಲಿನ ಎರಡು ನಮೂನೆ ಚೀಟಿಯಲ್ಲಿ ಒಂದೇ ಥರ ಕಾಣುತ್ತವೆ, ಎರಡೂ "ಪಾಸಿಟಿವ್". ನಮ್ಮ ಕೆಲಸವೆಲ್ಲ ಇವೆರಡನ್ನು ಬೇರೆ ಮಾಡುವುದೇ.

ಹೆಜ್ಜೆ 1: ಚೀಟಿ ಕೂಡಿಸಿ

ಬಾಯಿಮಾತು ಬೇಡ, ಕಾಗದ ನೋಡಿ. ಲ್ಯಾಬ್ ವರದಿ, ರಕ್ತದಾನದ ಕಾರ್ಡ್, ತಾಯಿ ಕಾರ್ಡ್, ಆಪರೇಷನ್ ಫೈಲ್, ಇವನ್ನು ಪೆನ್ನಿನಲ್ಲಿ ಬರೆದುಕೊಳ್ಳಿ. ಡ್ರೈವಿಂಗ್ ಲೈಸೆನ್ಸ್, ಆಫೀಸಿನ ಐಡಿ ಕಾರ್ಡಿನಲ್ಲಿ ಇರುವುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಅಲ್ಲಿ ಕೆಲವು ಸಲ ನಾವು ಹೇಳಿದ್ದೇ ಅಚ್ಚಾಗಿರುತ್ತದೆ.

ನಮ್ಮ ಹಾಳೆಯಲ್ಲಿ ಸಿಕ್ಕಿದ್ದು ಇಷ್ಟು. ಎಲ್ಲ ಸಂಬಂಧವೂ ಕೂಸಿನ ಕಡೆಯಿಂದ.

ತಂದೆಯ ಕಡೆ: ಮುತ್ಯಾ ಪಾಸಿಟಿವ್, ಅತ್ತಿ ಪಾಸಿಟಿವ್, ತಂದೆ ಪಾಸಿಟಿವ್, ಕಾಕಾ ನೆಗೆಟಿವ್. ಆಯಿದು ಗೊತ್ತಿಲ್ಲ. ಅವರ ಹೆರಿಗೆಗಳೆಲ್ಲ ಮನೆಯಲ್ಲೇ ಆಗಿದ್ದವು, ರಕ್ತ ಯಾರೂ ನೋಡಿರಲಿಲ್ಲ.

ತಾಯಿಯ ಕಡೆ: ಅಜ್ಜ, ಅಜ್ಜಿ ಇಬ್ಬರೂ ಪಾಸಿಟಿವ್. ದೊಡ್ಡವ್ವ ಪಾಸಿಟಿವ್, ತಾಯಿ ಪಾಸಿಟಿವ್, ಸೋದರಮಾವ ನೆಗೆಟಿವ್. ದೊಡ್ಡವ್ವನನ್ನು ಹಾವೇರಿಗೆ ಕೊಟ್ಟಿದ್ದಾರೆ. ಅವಳ ಗಂಡ ನೆಗೆಟಿವ್, ಇಬ್ಬರು ಮಕ್ಕಳೂ ಪಾಸಿಟಿವ್.

ಹೆಜ್ಜೆ 2: ಚಿತ್ರ ಬರೆಯಿರಿ

ಗಂಡಸರಿಗೆ ಚೌಕ, ಹೆಣ್ಣುಮಕ್ಕಳಿಗೆ ದುಂಡು. ಗಂಡ ಹೆಂಡತಿ ನಡುವೆ ಅಡ್ಡಗೆರೆ, ಅದರಿಂದ ಕೆಳಗೆ ಇಳಿದ ಗೆರೆಗೆ ಮಕ್ಕಳು, ಹಿರಿಯರು ಎಡಕ್ಕೆ. ಒಂದು ಪೀಳಿಗೆ ಒಂದೇ ಸಾಲಿನಲ್ಲಿರಲಿ. ಗುಣ ಇರುವವರ ಗುರುತನ್ನು ತುಂಬಿ, ಇಲ್ಲದವರದು ಖಾಲಿ ಬಿಡಿ. ಇಲ್ಲಿ ಡಿ ಇರುವುದೇ ಗುಣ, ಹಾಗಾಗಿ ಪಾಸಿಟಿವ್ ಇದ್ದವರು ತುಂಬಿದವರು.

ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಂಡವರು, ಸೋದರಿಕೆಯಲ್ಲಿ ಕೊಟ್ಟು ತಂದವರು ಬಹಳ. ಅಂಥ ಗಂಡ ಹೆಂಡತಿ ನಡುವೆ ಒಂದರ ಬದಲು ಎರಡು ಅಡ್ಡಗೆರೆ ಎಳೆಯಬೇಕು. ಒಂದೇ ಅಜ್ಜನ ಖಾಲಿ ಪಾಲು ಎರಡು ದಾರಿಯಿಂದ ಬಂದು ಒಂದೇ ಕೂಸಿನಲ್ಲಿ ಕೂಡಬಹುದು, ಅದಕ್ಕೆ ಆ ಗುರುತು.

ತೀರಿಕೊಂಡ ಕೂಸುಗಳನ್ನೂ ಬರೆಯಿರಿ, ಗುರುತಿನ ಮೇಲೆ ಒಂದು ಓರೆಗೆರೆ ಹಾಕಿ. ನಾನು ಇದನ್ನು ಹೇಳುವಾಗ ಆಯಿ ಮೆಲ್ಲಗೆ ಅಂದರು: "ಇವನಾದ ಮ್ಯಾಲೆ ಒಂದು ಹುಟ್ಟಿತ್ತವಾ. ಅರಿಶಿಣದಂಗ ಹಳದಿ ಆಗಿ ಮೂರು ದಿನಕ್ಕ ಹೋತು." ಮಗನಿಗೂ ಅದು ಗೊತ್ತಿರಲಿಲ್ಲ. ತಂದೆಯ ಚೌಕಕ್ಕೂ ಕಾಕಾನ ಚೌಕಕ್ಕೂ ನಡುವೆ ಜಾಗ ಮಾಡಿ ಒಂದು ದುಂಡು ಬರೆದು ಓರೆಗೆರೆ ಎಳೆದೆ.

ಹೆಜ್ಜೆ 3: ಇಲ್ಲದವರಿಂದ ಶುರು ಮಾಡಿ

ಜಾಸ್ತಿ ಜನ ತಪ್ಪುವುದು ಇಲ್ಲೇ. ಗುಣ ಇದ್ದವರಿಂದ ಶುರು ಮಾಡುತ್ತಾರೆ, ಎರಡು ಸಾಲಿಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಪಾಸಿಟಿವ್ ಇದ್ದವರು ಈಈ ಇರಬಹುದು, ಈಇ ಇರಬಹುದು, ಅವರನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ನೆಗೆಟಿವ್ ಇದ್ದವರಲ್ಲಿ ಮುಚ್ಚುಮರೆ ಇಲ್ಲ. ಅವರು ಇಇ, ಬೇರೆ ದಾರಿಯೇ ಇಲ್ಲ.

ಕೂಸು, ಕಾಕಾ, ಸೋದರಮಾವ, ಹಾವೇರಿಯ ದೊಡ್ಡಪ್ಪ, ಈ ನಾಲ್ವರ ಕೆಳಗೆ ಪೆನ್ನಿನಲ್ಲಿ ಇಇ ಬರೆಯಿರಿ. ಉಳಿದ ಪಾಸಿಟಿವ್ ಎಲ್ಲರ ಕೆಳಗೆ "ಈ" ಮತ್ತು ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು. ಒಂದು ಈ ಅಂತೂ ಇದ್ದೇ ಇದೆ, ಇನ್ನೊಂದು ಗೊತ್ತಿಲ್ಲ.

ಹೆಜ್ಜೆ 4: ಮೇಲಕ್ಕೆ ಹತ್ತಿ, ಕೆಳಕ್ಕೆ ಇಳಿಯಿರಿ

ಎರಡೇ ನಿಯಮ.

ಮೇಲಕ್ಕೆ: ನೆಗೆಟಿವ್ ಇರುವವರ ಎರಡು ಇ ಎಲ್ಲಿಂದಲೋ ಉದುರಿದ್ದಲ್ಲ. ಅಪ್ಪನಿಂದ ಒಂದು, ಅವ್ವನಿಂದ ಒಂದು ಬಂದದ್ದು. ಹಾಗಾಗಿ ನೆಗೆಟಿವ್ ಮಗುವಿನ ಪಾಸಿಟಿವ್ ತಂದೆ ತಾಯಿ ಇಬ್ಬರೂ ಈಇ.

ಕೆಳಕ್ಕೆ: ನೆಗೆಟಿವ್ ಇರುವವರು ಮಕ್ಕಳಿಗೆ ಇ ಬಿಟ್ಟು ಬೇರೇನೂ ಕೊಡಲಾರರು. ಹಾಗಾಗಿ ಅವರ ಪಾಸಿಟಿವ್ ಮಕ್ಕಳೆಲ್ಲ ಈಇ.

ಈಗ ಬೆರಳಿಟ್ಟು ನೋಡಿ. ಕೂಸು ಇಇ, ಆದ್ದರಿಂದ ತಂದೆ ಈಇ, ತಾಯಿ ಈಇ. ಆಯಿ ಕೇಳಿದ ಪ್ರಶ್ನೆ ಇಲ್ಲಿಗೇ ಮುಗಿಯಿತು. ಇಬ್ಬರೂ ಒಂದೊಂದು ಖಾಲಿ ಪಾಲು ಮರೆಯಲ್ಲಿ ಇಟ್ಟುಕೊಂಡಿದ್ದರು, ಕೂಸಿಗೆ ಎರಡೂ ಅದೇ ಬಂದವು.

ಸೋದರಮಾವ ಇಇ, ಆದ್ದರಿಂದ ಅಜ್ಜ ಈಇ, ಅಜ್ಜಿ ಈಇ. ಕಾಕಾ ಇಇ, ಆದ್ದರಿಂದ ಮುತ್ಯಾ ಈಇ. ಕಾಕಾನಿಗೆ ಇನ್ನೊಂದು ಇ ಆಯಿಯಿಂದಲೇ ಬರಬೇಕು. ಅಂದರೆ ಆಯಿಯಲ್ಲಿ ಒಂದು ಇ ಅಂತೂ ಇದೆ. ಎರಡನೆಯದು ಈ ಇದ್ದರೆ ಅವರು ಪಾಸಿಟಿವ್, ಇ ಇದ್ದರೆ ನೆಗೆಟಿವ್. ಹಾವೇರಿಯ ಇಬ್ಬರು ಮಕ್ಕಳು ಪಾಸಿಟಿವ್, ಅವರ ಅಪ್ಪ ಇಇ, ಆದ್ದರಿಂದ ಇಬ್ಬರೂ ಈಇ.

ಉಳಿದವರು ಆಯಿ, ಅತ್ತಿ, ದೊಡ್ಡವ್ವ, ಮತ್ತು ತೀರಿಕೊಂಡ ಆ ಕೂಸು.

ಹೆಜ್ಜೆ 5: ಯಾರನ್ನು ಪರೀಕ್ಷೆ ಮಾಡಿಸಿದರೆ ಜಾಸ್ತಿ ಗಂಟು ಬಿಚ್ಚುತ್ತವೆ?

ಎಲ್ಲರ ರಕ್ತವನ್ನೂ ಮತ್ತೆ ಕೊಡಿಸುವುದು ಬೇಡ. ಪ್ರಶ್ನೆ ಗುರುತು ಎಲ್ಲಿ ಜಾಸ್ತಿ ಸೇರಿವೆಯೋ ಅಲ್ಲಿ ನೋಡಿ. ನಮ್ಮ ಹಾಳೆಯಲ್ಲಿ ಅದು ಆಯಿ. ಮರುದಿನ ಲ್ಯಾಬಿನಲ್ಲಿ ಬೆರಳಿಗೆ ಸೂಜಿ ಚುಚ್ಚಿ ಬಿಳಿ ಹಲಗೆಯ ಮೇಲೆ ಮೂರು ಹನಿ ಇಟ್ಟರು. ಒಂದೊಂದಕ್ಕೆ ಒಂದೊಂದು ದ್ರವ ಬೆರೆಸಿ ಕಡ್ಡಿಯಿಂದ ಕಲಸಿದರು. ಡಿ ನೋಡುವ ಮೂರನೇ ಹನಿ ಗಂಟುಗಂಟಾದರೆ ಪಾಸಿಟಿವ್. ಆಯಿಯ ಹನಿ ನಯವಾಗಿ, ಒಂದೇ ಸಮ ಕೆಂಪಾಗಿ ಉಳಿಯಿತು. ನೆಗೆಟಿವ್.

ಆಯಿ ಇಇ. ಕೂಡಲೇ ಅತ್ತಿಯ ಪ್ರಶ್ನೆ ಗುರುತೂ ಹೋಯಿತು, ಅವಳು ಈಇ. ತಂದೆಯ ಈಇ ಎರಡನೇ ದಾರಿಯಿಂದಲೂ ಗಟ್ಟಿಯಾಯಿತು. ಕೂಸಿಗೆ ಅಪ್ಪನ ಕಡೆಯಿಂದ ಬಂದ ಖಾಲಿ ಪಾಲು ಆಯಿಯದ್ದೇ. ಮುತ್ಯಾ ಈ ಕೊಟ್ಟಿದ್ದಕ್ಕೇ ಮಗ ಪಾಸಿಟಿವ್ ಆಗಿದ್ದು, ಅವನ ಹತ್ತಿರ ಇದ್ದ ಇ ಅವ್ವ ಕೊಟ್ಟದ್ದು. ಅದನ್ನೇ ಅವನು ಮಗಳಿಗೆ ದಾಟಿಸಿದ.

ಗೆರೆಯ ಮೇಲೆ ಬೆರಳಾಡಿಸಿ ಇದನ್ನು ತೋರಿಸಿದಾಗ ಆಯಿ ಸುಮಾರು ಹೊತ್ತು ಹಾಳೆ ನೋಡಿದರು. "ಹಂಗಾರ ಇದು ನಂದ ರಗತ" ಅಂದರು. ಆಮೇಲೆ ಎದ್ದು ಹೋಗಿ ಕೂಸನ್ನು ಎತ್ತಿಕೊಂಡರು.

ಓರೆಗೆರೆಯ ಆ ದುಂಡಿನ ಬಗ್ಗೆಯೂ ಹೇಳಬೇಕು. ನೆಗೆಟಿವ್ ತಾಯಿಗೆ ಪಾಸಿಟಿವ್ ಕೂಸು ಹುಟ್ಟಿದಾಗ ಕೂಸಿನ ರಕ್ತಕಣ ತಾಯಿಯ ರಕ್ತಕ್ಕೆ ಸೇರಿ, ತಾಯಿಯ ಮೈಯಲ್ಲಿ ಡಿ ವಿರುದ್ಧ ಹೋರಾಡುವ ಪ್ರತಿಕಾಯ ಹುಟ್ಟಬಹುದು. ಮೊದಲ ಕೂಸಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮುಂದಿನ ಪಾಸಿಟಿವ್ ಕೂಸುಗಳ ರಕ್ತಕಣ ಒಡೆದು ಕಾಮಾಲೆ ಜೋರಾಗಬಹುದು. ನೆಗೆಟಿವ್ ಕೂಸಿಗೆ ಆ ಪ್ರತಿಕಾಯ ಏನೂ ಮಾಡುವುದಿಲ್ಲ. ಅತ್ತಿ, ತಂದೆ ಪಾಸಿಟಿವ್, ಆಮೇಲೆ ಹಳದಿಯಾಗಿ ಹೋದ ಕೂಸು, ಆಮೇಲೆ ಆರೋಗ್ಯವಾಗಿ ಹುಟ್ಟಿದ ನೆಗೆಟಿವ್ ಕಾಕಾ. ಸಾಲು ಹೊಂದುತ್ತದೆ. ಆದರೆ ಹೊಂದುವುದು ಬೇರೆ, ಸಾಬೀತಾಗುವುದು ಬೇರೆ. ಆ ಕೂಸಿನ ರಕ್ತ ಯಾರೂ ನೋಡಿಲ್ಲ. ಹಾಗಾಗಿ ಅದರ ಕೆಳಗೆ ಬರೆಯಬಹುದಾದದ್ದು ಇ ಒಂದೇ, ಅವ್ವನಿಂದ ಬಂದದ್ದು. ಇನ್ನೊಂದು ಜಾಗ ಖಾಲಿ.

ಹೆಜ್ಜೆ 6: ನಾಲ್ಕು ಮನೆಯ ಚೌಕ

ಈಇ ತಂದೆ, ಈಇ ತಾಯಿ. ಮುಂದಿನ ಕೂಸು ಏನಾಗಬಹುದು? ಇದಕ್ಕೆ ಇಂಗ್ಲೆಂಡಿನ ರೆಜಿನಾಲ್ಡ್ ಪನ್ನೆಟ್ ರೂಢಿಗೆ ತಂದ ಚೌಕ ಸಾಕು. ಮೇಲೆ ತಂದೆಯ ಎರಡು ಪಾಲು, ಎಡಕ್ಕೆ ತಾಯಿಯ ಎರಡು ಪಾಲು.

| | ಈ | ಇ |
|---|---|---|
| ಈ | ಈಈ | ಈಇ |
| ಇ | ಈಇ | ಇಇ |

ನಾಲ್ಕರಲ್ಲಿ ಮೂರು ಪಾಸಿಟಿವ್, ಒಂದು ನೆಗೆಟಿವ್. ಮೆಂಡೆಲ್ ಬಟಾಣಿಯಲ್ಲಿ ಕಂಡದ್ದೂ ಇದನ್ನೇ. 1866ರಲ್ಲಿ ಅಚ್ಚಾದ ಅವರ ಲೆಕ್ಕದಲ್ಲಿ 7324 ಕಾಳುಗಳಲ್ಲಿ 5474 ದುಂಡು, 1850 ಸುಕ್ಕು.

ನಮ್ಮ ಕಡೆ ರೈತರಿಗೆ ಇದು ಕೈಯಲ್ಲಿ ಗೊತ್ತಿರುವ ವಿಷಯ. ರಾಣೆಬೆನ್ನೂರು ಸುತ್ತಮುತ್ತ ಬೀಜೋತ್ಪಾದನೆ ಹೊಲಗಳಲ್ಲಿ ಹೆಣ್ಣುಮಕ್ಕಳು ಕ್ರಾಸಿಂಗ್ ಮಾಡುತ್ತಾರೆ. ಹತ್ತಿಯಲ್ಲಾದರೆ ಸಂಜೆ ಮೊಗ್ಗಿನ ಕೇಸರ ಬಿಡಿಸಿ, ಬೆಳಿಗ್ಗೆ ಗಂಡು ಗಿಡದ ಪರಾಗ ಸವರಿ, ದಾರ ಕಟ್ಟುತ್ತಾರೆ. ಆ ಬೀಜ ಬಿತ್ತಿದರೆ ಹೊಲವೆಲ್ಲ ಒಂದೇ ಸಮ. ಅದೇ ಹೈಬ್ರಿಡ್ ಬೆಳೆಯ ಬೀಜ ಉಳಿಸಿ ಮರುವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಕಾಯಿ ಒಂದೊಂದು ಥರ. ಧಾರವಾಡದಲ್ಲೇ ಹುಟ್ಟಿದ ಜಯಲಕ್ಷ್ಮಿ, ಅಂದರೆ ಡಿಸಿಎಚ್-32 ಹತ್ತಿಯದೂ ಇದೇ ರೀತಿ. ಹೈಬ್ರಿಡ್ ಗಿಡದಲ್ಲಿ ಮರೆಯಲ್ಲಿದ್ದದ್ದು ಮುಂದಿನ ಪೀಳಿಗೆಯಲ್ಲಿ ಹೊರಗೆ ಬೀಳುತ್ತದೆ.

ಒಂದು ಎಚ್ಚರಿಕೆ. ನಾಲ್ಕರಲ್ಲಿ ಒಂದು ಅಂದರೆ "ಒಂದು ನೆಗೆಟಿವ್ ಆಗಿಹೋಯಿತು, ಮುಂದಿನ ಮೂರು ಪಾಸಿಟಿವ್" ಅಂತ ಅಲ್ಲ. ಪ್ರತಿ ಬಸಿರಿಗೂ ಚೌಕ ಹೊಸದಾಗಿ ಶುರು. ಎರಡನೇ ಕೂಸಿಗೂ ನಾಲ್ಕರಲ್ಲಿ ಒಂದೇ. ಸಾವಿರಾರು ಬಟಾಣಿಯಲ್ಲಿ ಕಾಣುವ ಅನುಪಾತವನ್ನು ಮೂರು ಮಕ್ಕಳ ಮನೆಯಲ್ಲಿ ಹುಡುಕಬೇಡಿ.

ಹೆಜ್ಜೆ 7: ದೊಡ್ಡವ್ವನ ಪ್ರಶ್ನೆ ಗುರುತು

ದೊಡ್ಡವ್ವ ಪಾಸಿಟಿವ್. ತಂದೆ ತಾಯಿ ಇಬ್ಬರೂ ಈಇ. ಮೇಲಿನ ಚೌಕ ನೋಡಿ. ಅವಳು ಇಇ ಅಲ್ಲ ಎಂದು ಗೊತ್ತು, ಆ ಮನೆ ಹೊಡೆದುಹಾಕಿ. ಉಳಿದ ಮೂರರಲ್ಲಿ ಎರಡು ಈಇ, ಒಂದು ಈಈ. ಹಾಗಾಗಿ ಅವಳಲ್ಲಿ ಖಾಲಿ ಪಾಲು ಇರುವ ಸಾಧ್ಯತೆ ಮೂರರಲ್ಲಿ ಎರಡು. ಪರೀಕ್ಷೆಯಲ್ಲಿ ಮಕ್ಕಳು ಇದನ್ನು ನಾಲ್ಕರಲ್ಲಿ ಎರಡು ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ.

ಆದರೆ ಇನ್ನೂ ಒಂದು ಸುಳಿವಿದೆ. ಅವಳ ಗಂಡ ಇಇ, ಇಬ್ಬರು ಮಕ್ಕಳೂ ಪಾಸಿಟಿವ್. ಅವಳು ಈಇ ಆಗಿದ್ದರೆ ಒಂದಾದರೂ ನೆಗೆಟಿವ್ ಹುಟ್ಟುವ ಅವಕಾಶ ಚೆನ್ನಾಗಿತ್ತು, ಹುಟ್ಟಲಿಲ್ಲ. ಇದನ್ನು ಹೀಗೆ ಎಣಿಸಿ. ಅವಳಂಥ 12 ಹೆಣ್ಣುಮಕ್ಕಳು ಇದ್ದಾರೆ ಅಂದುಕೊಳ್ಳಿ. 8 ಜನ ಈಇ, 4 ಜನ ಈಈ. ಎಲ್ಲರ ಗಂಡಂದಿರೂ ನೆಗೆಟಿವ್, ಎಲ್ಲರಿಗೂ ಇಬ್ಬರು ಮಕ್ಕಳು. ಈಇ ಇರುವವರಲ್ಲಿ ಒಂದು ಕೂಸು ಪಾಸಿಟಿವ್ ಆಗುವುದು ಅರ್ಧಕ್ಕರ್ಧ, ಎರಡೂ ಆಗುವುದು ನಾಲ್ಕರಲ್ಲಿ ಒಂದು. ಅಂದರೆ ಆ 8ರಲ್ಲಿ 2 ಮನೆ. ಈಈ ಇರುವ 4 ಮನೆಯಲ್ಲೂ ಎರಡೂ ಪಾಸಿಟಿವ್. ಒಟ್ಟು 6 ಮನೆ, ಅದರಲ್ಲಿ ಈಇ 2. ಮೂರರಲ್ಲಿ ಎರಡು ಇದ್ದ ಸಾಧ್ಯತೆ ಮೂರರಲ್ಲಿ ಒಂದಕ್ಕೆ ಇಳಿಯಿತು.

ಇಳಿಯಿತು, ಸೊನ್ನೆ ಆಗಲಿಲ್ಲ. ಪಾಸಿಟಿವ್ ಮಕ್ಕಳು ಎಷ್ಟೇ ಹುಟ್ಟಿದರೂ ಈಈ ಎಂದು ಪೆನ್ನಿನಲ್ಲಿ ಬರೆಯುವ ಹಾಗಿಲ್ಲ. ಒಂದೇ ಒಂದು ನೆಗೆಟಿವ್ ಕೂಸು ಹುಟ್ಟಿದರೆ ಮಾತ್ರ ಈಇ ಎಂದು ಆ ಕ್ಷಣವೇ ಬರೆಯಬಹುದು. ದೊಡ್ಡವ್ವನ ಕೆಳಗೆ ಪ್ರಶ್ನೆ ಗುರುತು ಹಾಗೇ ಇದೆ. ತುಂಬಿಸುವ ಆಸೆಗೆ ತಪ್ಪು ಅಕ್ಷರ ಬರೆಯಬೇಡಿ.

ಹಾಳೆ ತಾಳೆಯಾಗದಿದ್ದರೆ

ಇದನ್ನು ನಿಧಾನವಾಗಿ ಓದಿ. ತಂದೆ ತಾಯಿ ಇಬ್ಬರೂ ನೆಗೆಟಿವ್, ಮಗು ಪಾಸಿಟಿವ್ ಎಂದು ಬಂದರೆ ನಿಯಮದ ಪ್ರಕಾರ ಆಗಬಾರದು. ಆಗ ಯಾರ ಮುಖವನ್ನೂ ನೋಡಬೇಡಿ. ಚೀಟಿ ನೋಡಿ. ಹೆಸರು ಅದಲುಬದಲಾಗಿರಬಹುದು, ಹಳೆಯ ಕಾರ್ಡ್ ತಪ್ಪಿರಬಹುದು. ಕೆಲವರಲ್ಲಿ ಡಿ ಬಹಳ ಕಡಿಮೆ ಇರುತ್ತದೆ, ಹಲಗೆಯ ಮೇಲಿನ ಪರೀಕ್ಷೆಯಲ್ಲಿ ಅವರು ನೆಗೆಟಿವ್ ಎಂದೇ ಕಾಣುತ್ತಾರೆ. ಮೂವರದೂ ಹೊಸದಾಗಿ, ಒಳ್ಳೆಯ ಲ್ಯಾಬಿನಲ್ಲಿ ಮಾಡಿಸಿ, ವೈದ್ಯರ ಹತ್ತಿರ ಕೂತು ಮಾತಾಡಿ. ಬೇರೆ ಮನೆಯವರ ಹಾಳೆ ಬಿಡಿಸುತ್ತಿದ್ದರೆ ಅನುಮಾನವನ್ನು ಎಲ್ಲರೆದುರು ಬಾಯಿ ಬಿಡಬೇಡಿ. ಒಂದು ಮಾತು ಆಡಿದರೆ ವಾಪಸ್ ತಗೊಳ್ಳಲು ಬರುವುದಿಲ್ಲ.

ಇಬ್ಬರೂ ಪಾಸಿಟಿವ್, ಮಗು ನೆಗೆಟಿವ್ ಅನ್ನುವುದು ಹಾಗಲ್ಲ. ಅದು ನಿಯಮದ ಒಳಗೇ ಇದೆ, ಅಪರೂಪವೂ ಅಲ್ಲ. ನೂರಕ್ಕೆ 5 ಜನ ನೆಗೆಟಿವ್ ಇರುವ ಊರಿನಲ್ಲಿ ಸುಮಾರು 35 ಜನ ಈಇ ಇರುತ್ತಾರೆ. ಲೆಕ್ಕ ಬೇಕೆಂದರೆ, 0.05ರ ವರ್ಗಮೂಲ ಸುಮಾರು 0.22, ಅದು ಊರಿನ ಎಲ್ಲ ಪಾಲುಗಳಲ್ಲಿ ಇ ಎಷ್ಟು ಎಂಬ ಭಾಗ. ಈ ಇರುವ ಭಾಗ 0.78. ಎರಡನ್ನೂ ಗುಣಿಸಿ ದುಪ್ಪಟ್ಟು ಮಾಡಿ, 0.35ರ ಹತ್ತಿರ ಬರುತ್ತದೆ.

ಬೇರೆ ಗುಣಕ್ಕೆ ಇದೇ ದಾರಿಯೇ?

ಹೌದು, ಆದರೆ ಮೊದಲು ಆ ಗುಣ ಪ್ರಬಲವೇ ಎಂದು ನೋಡಿಕೊಳ್ಳಿ. ಗುಣ ಇರುವ ತಂದೆ ತಾಯಿಗೆ ಗುಣ ಇಲ್ಲದ ಮಗು ಹುಟ್ಟಿದ್ದರೆ ಅದು ಪ್ರಬಲ ಗುಣದ ಒಳ್ಳೆಯ ಗುರುತು. ಕೈಯಲ್ಲಿ ಆರು ಬೆರಳು ಎಷ್ಟೋ ಮನೆಗಳಲ್ಲಿ ಪ್ರಬಲವಾಗಿಯೇ ಬರುತ್ತದೆ. ಆದರೆ ಅಲ್ಲೊಂದು ತೊಡಕಿದೆ: ಜೀನ್ ಇದ್ದೂ ಕೆಲವರಲ್ಲಿ ಬೆರಳು ಮೂಡುವುದಿಲ್ಲ. ಮುತ್ಯಾನಿಗೆ ಆರು, ಮಗನಿಗೆ ಐದು, ಮೊಮ್ಮಗಳಿಗೆ ಮತ್ತೆ ಆರು. ಅಲ್ಲಿ "ಇಲ್ಲದವರು ಖಂಡಿತ ಇಇ" ಎಂಬ ಮೂರನೇ ಹೆಜ್ಜೆ ಹಿಡಿಯುವುದಿಲ್ಲ. ರಕ್ತದ ಗುಂಪಿನಿಂದ ಕಲಿಯಿರಿ ಎಂದು ನಾನು ಹೇಳುವುದು ಅದಕ್ಕೇ.

ಕೊನೆಗೆ, ಹಾಳೆಯನ್ನು ಏನು ಮಾಡಬೇಕು

ತಾರೀಖು ಹಾಕಿ, ಯಾವುದನ್ನು ಯಾವ ಚೀಟಿ ನೋಡಿ ಬರೆದಿರಿ ಎಂದು ಹಿಂದೆ ಬರೆಯಿರಿ. ನೆಗೆಟಿವ್ ಇರುವ ಹೆಣ್ಣುಮಕ್ಕಳ ಗುರುತಿನ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಅವರ ಗಂಡ ಈಇ ಇದ್ದರೆ ಪ್ರತಿ ಕೂಸಿಗೂ ಅರ್ಧಕ್ಕರ್ಧ, ಈಈ ಇದ್ದರೆ ಎಲ್ಲ ಕೂಸುಗಳೂ ಪಾಸಿಟಿವ್. ಈ ಲೆಕ್ಕ ಮುಗಿಯಲಿ ಎಂದು ವೈದ್ಯರು ಕಾಯುವುದಿಲ್ಲ. ತಾಯಿಯ ರಕ್ತದಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರದಿದ್ದರೆ ಅದು ಹುಟ್ಟದಂತೆ ತಡೆಯಲು ಬಸಿರಿನ 28ನೇ ವಾರದ ಹೊತ್ತಿಗೆ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಕೂಸು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಗರ್ಭಪಾತ ಆದರೂ ಕೇಳಿ ಹಾಕಿಸಿಕೊಳ್ಳಬೇಕು. ಆಯಿಯ ಕಾಲದಲ್ಲಿ ಅವರ ಹಳ್ಳಿಗೆ ಅದು ಬಂದಿರಲಿಲ್ಲ.

ನಮ್ಮ ಹಾಳೆಯಲ್ಲಿ ಕೆಂಪು ಗೆರೆ ಎರಡು ಕಡೆ ಇದೆ, ಆಯಿಗೆ ಮತ್ತು ಮೊಮ್ಮಗಳಿಗೆ. ಆಯಿ ಹಾಳೆಯ ಒಂದು ಜೆರಾಕ್ಸ್ ಮಾಡಿಸಿಕೊಂಡು, ಮಡಚಿ, ಕೂಸಿನ ಆಸ್ಪತ್ರೆ ಚೀಟಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಮ್ಮ ಟ್ರಂಕಿನಲ್ಲಿ ಇಟ್ಟಿದ್ದಾರೆ.